ಜಿಂಕೆ ಸೀಸನ್ ಶುರುವಾಯಿತು, ಜಿಂಕೆ ಮಾತ್ರ ಕಾಣಲಿಲ್ಲ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಅಮೆರಿಕದ ವಿಸ್ಕಾನ್ಸಿನ್‌ನಲ್ಲೋ ಅದರ ಪಕ್ಕದ ಮಿನ್ನೆಸೋಟ, ಮಿಷಿಗನ್‌ಗಳಲ್ಲೋ ಲೈಸೆನ್ಸ್ ಮಾಡಿಸಿಕೊಂಡು ಕೋವಿ ಸೀಸನ್‌ಗೆ, ಅಂದರೆ ಕೋವಿಯಿಂದ ಜಿಂಕೆ ಬೇಟೆಯಾಡಲು ಬಿಡುವ ದಿನಗಳಿಗೆ, ಹೋಗುವ ಕನ್ನಡಿಗರಿಗಾಗಿ ಇದನ್ನು ಬರೆದಿದ್ದೇನೆ. ಇಲ್ಲಿನ ಮಕ್ಕಳು ಚಿಕ್ಕ ವಯಸ್ಸಲ್ಲೇ ಅಪ್ಪನ ಪಕ್ಕ ಕೂತು ಬೇಟೆ ಕಲಿಯುತ್ತಾರೆ. ನಮಗೆ ಆ ಅವಕಾಶ ಇರಲಿಲ್ಲ. ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಹಾಗಾಗಿ ಮೊದಲ ಎರಡು ದಿನ ಬರಿಗೈಯಲ್ಲಿ ವಾಪಸ್ ಬಂದಾಗ ಎಲ್ಲಿ ಎಡವಿದೆವು ಅಂತ ಕೇಳಿ ತಿಳಿದುಕೊಳ್ಳಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಆ ಎರಡು ದಿನ ಯಾಕೆ ಅಷ್ಟು ಮುಖ್ಯ? ವಿಸ್ಕಾನ್ಸಿನ್‌ನಲ್ಲಿ ಕೋವಿ ಸೀಸನ್ ಇರುವುದು 9 ದಿನ. ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರು. ಸೀಸನ್‌ನಲ್ಲಿ ಸಿಗುವ ಜಿಂಕೆಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮೊದಲ ಶನಿವಾರ, ಭಾನುವಾರವೇ ಸಿಕ್ಕಿರುತ್ತವೆ. ಆ ಎರಡು ದಿನ ಖಾಲಿ ಹೋದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ಸಲ ಜಿಂಕೇನೇ ಇಲ್ಲ." ತೋಳ ತಿಂದುಬಿಟ್ಟಿತು, ವನ್ಯಜೀವಿ ಇಲಾಖೆಯವರು ಹೆಣ್ಣು ಜಿಂಕೆ ಹೊಡೆಯುವ ಪರ್ಮಿಟ್ ಜಾಸ್ತಿ ಕೊಟ್ಟರು ಅಂತ ದೂರುತ್ತಾರೆ. ಕೆಲವು ಜಾಗಗಳಲ್ಲಿ ಅದು ನಿಜವೂ ಇರಬಹುದು. ಆದರೆ ಬಹಳ ಸಲ ಜಿಂಕೆ ಅಲ್ಲೇ ಇರುತ್ತದೆ. ನೀವು ಕೂತ ಜಾಗದಿಂದ ಸ್ವಲ್ಪವೇ ದೂರದ ಪೊದೆಯಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತದೆ.

ಬೋರ್‌ವೆಲ್ ಮೋಟಾರ್ ನೀರೆತ್ತದಿದ್ದರೆ ಮೊದಲು ಕರೆಂಟ್ ಇದೆಯಾ ನೋಡುತ್ತೇವೆ, ಆಮೇಲೆ ಫ್ಯೂಸ್, ಆಮೇಲೆ ಸ್ಟಾರ್ಟರ್. ಮೋಟಾರ್ ಮೇಲೆತ್ತಿಸುವುದು ಕೊನೆಗೆ. ಇಲ್ಲೂ ಹಾಗೇ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಶನಿವಾರ ಸಂಜೆ ಬೇಜಾರಾಗಿ ಜಾಗ, ಸಮಯ, ದಾರಿ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಭಾನುವಾರ ಜಿಂಕೆ ಕಂಡರೂ ಯಾಕೆ ಕಂಡಿತು ಅಂತ ಗೊತ್ತಾಗುವುದಿಲ್ಲ.

ಮೊದಲ ಪರೀಕ್ಷೆ: ಜಿಂಕೆ ಇದೆಯೋ ಇಲ್ಲವೋ

ಇದನ್ನು ನೆಲ ನೋಡಿ ತೀರ್ಮಾನಿಸಬೇಕು. ಹಾಗಂತ ಕಾಡೆಲ್ಲ ಸುತ್ತಬೇಡಿ, ಇದ್ದ ಜಿಂಕೆಯೂ ಓಡಿಹೋಗುತ್ತದೆ. ಕತ್ತಲಾಗಿ ವಾಪಸ್ ಬರುವಾಗ ಹೊಲದ ಅಂಚು, ಬೇಲಿ ದಾಟುವ ಜಾಗ, ಹಳ್ಳ ದಾಟುವ ಕಡೆ ನೆಲಕ್ಕೆ ಟಾರ್ಚ್ ಹಾಕಿ ನೋಡಿದರೆ ಸಾಕು.

ಹಿಕ್ಕೆ ಸಿಕ್ಕರೆ ಕಡ್ಡಿಯಿಂದ ಒತ್ತಿ ನೋಡಿ. ಹೊಸದಾದರೆ ಮೆತ್ತಗಿರುತ್ತದೆ, ಮೇಲೆ ಹೊಳಪಿರುತ್ತದೆ, ಕಪ್ಪಿನಲ್ಲಿ ಸ್ವಲ್ಪ ಹಸಿರು ಬೆರೆತಿರುತ್ತದೆ. ಹಳೆಯದು ಒಡೆದರೆ ಪುಡಿಯಾಗುತ್ತದೆ, ಒಳಗೆ ಒಣಹುಲ್ಲಿನ ಬಣ್ಣ. ನವೆಂಬರ್‌ನಲ್ಲಿ ಒಂದು ತೊಡಕಿದೆ: ರಾತ್ರಿಯ ಚಳಿಗೆ ಹೊಸ ಹಿಕ್ಕೆಯೂ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಆಗ ಎಲೆ ನೋಡಿ. ಉದುರಿದ ಎಲೆಗಳ ಮೇಲೆ ಬಿದ್ದಿದೆಯಾ, ಎಲೆಗಳ ಅಡಿಯಲ್ಲಿದೆಯಾ? ಅಡಿಯಲ್ಲಿದ್ದರೆ ಅದು ಎಲೆ ಉದುರುವ ಮುಂಚಿನದು, ಲೆಕ್ಕಕ್ಕಿಲ್ಲ. ಹಿಮ ಬಿದ್ದಿದ್ದರೆ ಕೆಲಸ ಇನ್ನೂ ಸುಲಭ. ಹೊಸ ಹೆಜ್ಜೆಯ ಅಂಚು ಚೂಪಾಗಿರುತ್ತದೆ. ಹಳೆಯದರ ಅಂಚು ಕರಗಿ ದುಂಡಗಾಗಿರುತ್ತದೆ. ಮಲಗಿದ ಜಾಗ, ಅಂದರೆ ಹಕ್ಕೆ, ಮೊಟ್ಟೆಯಾಕಾರದಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿರುತ್ತದೆ. ಅದರಲ್ಲಿ ಒಂದೆರಡು ಕೂದಲೂ ಅಂಟಿಕೊಂಡಿರುತ್ತವೆ.

ಕೊಂಬು ಉಜ್ಜಿ ಸಿಪ್ಪೆ ಎದ್ದ ಮರಗಳನ್ನೂ, ಗೊರಸಿನಿಂದ ಕೆರೆದ ಮಣ್ಣನ್ನೂ ನೋಡಿ ಮೋಸಹೋಗುವವರೇ ಜಾಸ್ತಿ. ಅವು ಬಹುಪಾಲು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮೊದಲ ವಾರದ ಗುರುತುಗಳು. ಗಂಡು ಜಿಂಕೆ ಆಗ ಅಲ್ಲಿತ್ತು, ಅಷ್ಟೇ. ಕೆರೆದ ಮಣ್ಣಿನ ಮೇಲೆ ಎಲೆ ಬಿದ್ದು ಮುಚ್ಚಿದ್ದರೆ ಆ ಜಾಗ ಬಿಟ್ಟುಬಿಡಿ.

ಹೊಸ ಹಿಕ್ಕೆ, ಹೊಸ ಹೆಜ್ಜೆ ಇದ್ದೂ ಜಿಂಕೆ ಕಾಣದಿದ್ದರೆ ಜಾಗ ಸರಿಯಿದೆ, ಸಮಯ ತಪ್ಪಿದೆ. ನೀವು ಇಲ್ಲದಾಗ ಅದು ಬಂದುಹೋಗುತ್ತಿದೆ. ಏನೂ ಇಲ್ಲದಿದ್ದರೆ ಜಾಗವೇ ತಪ್ಪು. ಮುಂದಿನದೆಲ್ಲ ಈ ಕವಲಿನ ಮೇಲೆ ನಿಂತಿದೆ.

ಕ್ಯಾಲೆಂಡರ್ ನೋಡಿ

ಬಿಳಿಬಾಲದ ಜಿಂಕೆಯ ಬೆದೆಗಾಲ ಹಗಲಿನ ಉದ್ದಕ್ಕೆ ತಕ್ಕಂತೆ ನಡೆಯುತ್ತದೆ. ಚಳಿ ಬೇಗ ಬಂದರೆ ಬೇಗ, ತಡವಾದರೆ ತಡ ಅಂತ ಇಲ್ಲ. ವಿಸ್ಕಾನ್ಸಿನ್ ಕಡೆ ನವೆಂಬರ್ ಮೊದಲ ಎರಡು ವಾರಗಳಲ್ಲಿ ಅದು ಜೋರಾಗಿರುತ್ತದೆ. ಆಗ ಗಂಡು ಜಿಂಕೆ ಹಗಲು ರಾತ್ರಿ ಅನ್ನದೆ ಹೆಣ್ಣಿನ ಹಿಂದೆ ಓಡಾಡುತ್ತದೆ. ಆಮೇಲೆ ಓಡಾಟ ಇಳಿಯುತ್ತದೆ.

ಮಿನ್ನೆಸೋಟದಲ್ಲಿ ಕೋವಿ ಸೀಸನ್ ಶುರುವಾಗುವುದು ನವೆಂಬರ್ 6ಕ್ಕೆ ಹತ್ತಿರದ ಶನಿವಾರ. ಮಿಷಿಗನ್‌ನಲ್ಲಿ ಯಾವ ವಾರವಾದರೂ ಸರಿ, ನವೆಂಬರ್ 15. ವಿಸ್ಕಾನ್ಸಿನ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಿಂದೆಮುಂದೆ ಆದಂತೆ ಶುರುವಿನ ದಿನ ನವೆಂಬರ್ 17ರಿಂದ 23ರ ತನಕ ಜಾರುತ್ತದೆ. ಈ ಆರು ದಿನದ ವ್ಯತ್ಯಾಸ ಸಣ್ಣದಲ್ಲ. 2018ರಲ್ಲಿ ಸೀಸನ್ ಶುರುವಾಗಿದ್ದು 17ಕ್ಕೆ, ಅದಕ್ಕಿಂತ ಮುಂಚೆ ಬರುವುದೇ ಇಲ್ಲ. 2019ರಲ್ಲಿ 23ಕ್ಕೆ, ಅದಕ್ಕಿಂತ ತಡವೂ ಇಲ್ಲ. 2019ರ ಮೊದಲ ಶನಿವಾರ, ಭಾನುವಾರ ಸಿಕ್ಕ ಜಿಂಕೆಗಳು ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಒಂದು ವರ್ಷದಲ್ಲಿ ಕಾಲು ಭಾಗ ಜಿಂಕೆ ಸತ್ತುಹೋಗಿರಲಿಲ್ಲ. ಬೆದೆಯ ಓಡಾಟ ಮುಗಿದಿತ್ತು. ಆ ವರ್ಷ ಮಳೆಯಿಂದ ಮೆಕ್ಕೆಜೋಳದ ಕಟಾವೂ ತಡವಾಗಿತ್ತು.

ಹಾಗಾಗಿ ನಿಮ್ಮ ಸೀಸನ್ ನವೆಂಬರ್ 20ರ ಆಚೆ ಶುರುವಾದರೆ ಗಂಡು ಜಿಂಕೆ ತಾನಾಗಿ ಓಡಿಬರುತ್ತದೆ ಅಂತ ಕಾಯಬೇಡಿ. ಆಗ ಅದಕ್ಕೆ ಬೇಕಾಗಿರುವುದು ಎರಡೇ: ಹೊಟ್ಟೆಗೆ ಆಹಾರ, ಮಲಗಲು ಭದ್ರ ಜಾಗ. ಬೆದೆಯಲ್ಲಿ ಸರಿಯಾಗಿ ಮೇಯದೆ ಸೊರಗಿರುತ್ತದೆ. ಇವೆರಡರ ನಡುವಿನ ದಾರಿ ಹಿಡಿದು ಕೂರಿ.

ಬಿಸಿಲು ಮತ್ತು ಮೇವು

ನವೆಂಬರ್ ಹೊತ್ತಿಗೆ ಜಿಂಕೆಗೆ ದಪ್ಪ ಚಳಿಗಾಲದ ಕೂದಲು ಬಂದಿರುತ್ತದೆ. ಶನಿವಾರ 55 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ನಮಗೆ ಹಿತ, ಅದಕ್ಕೆ ಸೆಕೆ. ನೆರಳಲ್ಲಿ ಮಲಗಿದ್ದು ಕತ್ತಲಾದ ಮೇಲೆ ಏಳುತ್ತದೆ. ಇದಕ್ಕೆ ನೀವು ಮಾಡುವುದು ಏನೂ ಇಲ್ಲ. ಚಳಿಗಾಳಿ ತಿರುಗುವ ದಿನಕ್ಕೆ ಕಾದು ಆ ದಿನ ಪೂರ್ತಿ ಕೂರಿ.

ಮೇವಿನ ವಿಷಯ ಹಾಗಲ್ಲ, ಅದನ್ನು ನೋಡಿ ತಿಳಿದುಕೊಳ್ಳಬಹುದು. ಅಕ್ಟೋಬರ್‌ನಲ್ಲಿ ಸಂಜೆ ಸಂಜೆ ಸೋಯಾ ಹೊಲದಲ್ಲಿ ಕಾಣುತ್ತಿದ್ದ ಜಿಂಕೆಗಳು ಈಗ ಇಲ್ಲ ಅಂದರೆ ಮೊದಲು ಓಕ್ ಮರಗಳ ಕೆಳಗೆ ಹೋಗಿ ನೋಡಿ. ಓಕ್ ಕಾಯಿ ಎಲ್ಲ ವರ್ಷ ಒಂದೇ ಸಮ ಬಿಡುವುದಿಲ್ಲ. ಭರ್ತಿ ಬಿಟ್ಟ ವರ್ಷ ಜಿಂಕೆ ಕಾಡಿನೊಳಗೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಬಯಲಿಗೆ ಬರುವ ಅಗತ್ಯವೇ ಇಲ್ಲ. ಬಿಳಿ ಓಕ್ ಕಾಯಿಯಲ್ಲಿ ಕಹಿ ಕಡಿಮೆ, ಮೊದಲು ಖಾಲಿಯಾಗುವುದು ಅದೇ. ಕೆಂಪು ಓಕ್ ಕಾಯಿ ಕಹಿ ಜಾಸ್ತಿ, ಅದು ನವೆಂಬರ್ ಕೊನೆಗೂ ಉಳಿದಿರುತ್ತದೆ. ಎಲೆಗಳನ್ನು ಗೊರಸಿನಿಂದ ಸರಿಸಿ ನೆಲ ಕೆದರಿದ್ದು ಕಂಡರೆ ಅಲ್ಲೇ ಊಟ ನಡೆದಿದೆ ಅಂತ ಅರ್ಥ.

ಇನ್ನೊಂದು, ಕಟಾವಾಗದ ಮೆಕ್ಕೆಜೋಳದ ಹೊಲ. ಆಳೆತ್ತರದ ಜೋಳದೊಳಗೆ ಜಿಂಕೆಗೆ ಊಟವೂ ಇದೆ, ಮನೆಯೂ ಇದೆ. ಅಕ್ಕಪಕ್ಕದಲ್ಲಿ ಅಂಥ ಹೊಲ ನಿಂತಿದ್ದರೆ ನಿಮ್ಮ ಕಾಡಿನ ಜಿಂಕೆಯೆಲ್ಲ ಅದರೊಳಗಿರಬಹುದು. ಹೊಲದ ರೈತರ ಹತ್ತಿರ ಮಾತಾಡಿ, ಕಟಾವು ಯಾವಾಗ ಅಂತ ಕೇಳಿ. ಕಂಬೈನ್ ಓಡಿದ ಸಂಜೆ, ಮಾರನೆಯ ಬೆಳಗ್ಗೆ ಆ ಹೊಲಕ್ಕೆ ಹೊಂದಿಕೊಂಡ ಕಾಡಿನ ಅಂಚಲ್ಲಿ ಕೂತವರಿಗೆ ಒಳ್ಳೆಯ ಅವಕಾಶ.

ಗಾಳಿ ಮತ್ತು ನೀವು ಹೋಗುವ ದಾರಿ

ನನ್ನ ಅನುಭವದಲ್ಲಿ ಖಾಲಿ ಹೋದ ಬೆಳಗುಗಳ ದೋಷ ಅತಿ ಹೆಚ್ಚು ಸಿಗುವುದು ಇಲ್ಲಿ. ಆದರೆ ಯಾರೂ ಇದನ್ನು ಮೊದಲು ನೋಡುವುದಿಲ್ಲ.

ಲಕ್ಷಣ ಹೀಗಿರುತ್ತದೆ. ಕತ್ತಲಲ್ಲಿ ಜಾಗಕ್ಕೆ ನಡೆದು ಹೋಗುವಾಗ ಎಲ್ಲೋ ಒಂದು ಕಡೆ ಮೂಗಿನಿಂದ ಜೋರಾಗಿ ಗಾಳಿ ಊದಿದ ಸದ್ದು ಬರುತ್ತದೆ, ಹಿಂದೆಯೇ ಗೊರಸಿನ ಸದ್ದು. ಅಥವಾ ಸದ್ದೇ ಇರುವುದಿಲ್ಲ, ಬೆಳಕಾದ ಮೇಲೆ ಕಾಡು ಖಾಲಿ. ರಾತ್ರಿಯೆಲ್ಲ ಹೊಲದಲ್ಲಿ ಮೇಯುವ ಜಿಂಕೆ ಬೆಳಗಾಗುವ ಮುಂಚೆ ಕಾಡಿಗೆ ಮರಳುತ್ತದೆ. ನೀವು ಅದೇ ಹೊಲದ ನಡುವೆ ಟಾರ್ಚ್ ಹಿಡಿದು ನಡೆದರೆ ಅದು ಮಾಮೂಲಿ ಹೊತ್ತಿಗಿಂತ ಮುಂಚೆಯೇ, ಕತ್ತಲಲ್ಲೇ, ಬೇರೆ ದಾರಿಯಲ್ಲಿ ಹೋಗಿಬಿಡುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಗುಂಡು ಹೊಡೆಯಲು ಅನುಮತಿ ಸಿಗುವ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ.

ಪರಿಹಾರ: ದೂರವಾದರೂ ಸುತ್ತಿಬಳಸಿ ಹೋಗಿ. ಹಳ್ಳದ ತಳದಲ್ಲಿ, ರಸ್ತೆಬದಿಯ ಬೇಲಿ ಪಕ್ಕದಲ್ಲಿ, ಜಿಂಕೆ ರಾತ್ರಿ ಮೇಯದ ಕಡೆಯಿಂದ. ಇದರಿಂದ ಅರ್ಧ ಗಂಟೆ ಜಾಸ್ತಿ ಹಿಡಿದರೆ ಅರ್ಧ ಗಂಟೆ ಮುಂಚೆ ಏಳಿ. ಒಳ್ಳೆಯ ಜಾಗಕ್ಕೆ ಕೆಟ್ಟ ದಾರಿ ಇದ್ದರೆ ಆ ಜಾಗ ಬೆಳಗಿಗೆ ಬೇಡ, ಸಂಜೆಗೆ ಇಟ್ಟುಕೊಳ್ಳಿ.

ಗಾಳಿ ನೋಡಲು ಅಂಗಡಿಯ ಪುಡಿ ಬಾಟಲಿ ಸಾಕಾಗುವುದಿಲ್ಲ. ಪುಡಿ ಕೈಯಳತೆಯಲ್ಲೇ ಮಾಯವಾಗುತ್ತದೆ. ನಮ್ಮ ಎಕ್ಕದ ಗಿಡದ ಬಳಗಕ್ಕೇ ಸೇರಿದ ಮಿಲ್ಕ್‌ವೀಡ್ ಇಲ್ಲಿನ ರಸ್ತೆಬದಿಗಳಲ್ಲಿ ಬೆಳೆಯುತ್ತದೆ. ಅದರ ಒಣ ಕಾಯಿಯಲ್ಲಿ ಎಕ್ಕದ ಕಾಯಿಯಂತೆಯೇ ರೇಷ್ಮೆ ಹತ್ತಿ ಇರುತ್ತದೆ. ಒಂದೆರಡು ಕಾಯಿ ಜೇಬಿನಲ್ಲಿಟ್ಟುಕೊಳ್ಳಿ. ಕೂತಲ್ಲಿಂದ ಒಂದು ಎಳೆ ಬಿಡಿ. ಅದು ತೇಲುತ್ತಾ ಮರಗಳ ನಡುವೆ ನೂರಡಿ ದೂರದವರೆಗೂ ಕಣ್ಣಿಗೆ ಕಾಣುತ್ತದೆ. ಬೆಟ್ಟದ ಬದಿಯಲ್ಲಿ ಕೂತಿದ್ದರೆ ಇದು ತೋರಿಸುವುದು ನೋಡಿ ಆಶ್ಚರ್ಯವಾಗುತ್ತದೆ. ಫೋನಿನ ಹವಾಮಾನ ಆ್ಯಪ್ ಪಶ್ಚಿಮದ ಗಾಳಿ ಅನ್ನುತ್ತದೆ. ಹತ್ತಿ ಮಾತ್ರ ನಿಧಾನಕ್ಕೆ ಕಣಿವೆಗೆ ಇಳಿಯುತ್ತದೆ. ಸೂರ್ಯ ಬರುವ ಮುಂಚೆ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಬಿಸಿಲು ಬಿದ್ದು ಇಳಿಜಾರು ಬೆಚ್ಚಗಾದ ಮೇಲೆ ಅದೇ ಗಾಳಿ ಮೇಲಕ್ಕೆ ಏರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ.

ವಿಸ್ಕಾನ್ಸಿನ್‌ನ ನೈಋತ್ಯಕ್ಕೆ ಡ್ರಿಫ್ಟ್‌ಲೆಸ್ ಅನ್ನುವ ಗುಡ್ಡಗಾಡು ಸೀಮೆಯಿದೆ. ಅಲ್ಲಿ ಇದೇ ದೊಡ್ಡ ದೋಷ. ಜಿಂಕೆ ಕೆಳಗಿನ ಹೊಲದಿಂದ ಮೇಲೆ ಬರುತ್ತಿರುತ್ತದೆ, ನಿಮ್ಮ ವಾಸನೆ ಮೇಲಿನಿಂದ ಅದರ ಮೂಗಿಗೇ ಇಳಿಯುತ್ತದೆ. ಅದು ಅರ್ಧ ದಾರಿಯಲ್ಲಿ ನಿಂತು, ತಲೆ ಎತ್ತಿ, ತಿರುಗಿ ಹೋಗುತ್ತದೆ. ಹತ್ತಿಯ ಎಳೆ ಬಿಟ್ಟು ನೋಡಿ, ಅದು ಜಿಂಕೆ ಓಡಾಡದ ಕಡಿದಾದ ಕೊರಕಲಿಗೆ ಹೋಗಿ ಬೀಳುವ ಜಾಗ ಹುಡುಕಿ. ಹತ್ತಿಪ್ಪತ್ತು ಹೆಜ್ಜೆ ಆಚೆಈಚೆ ಸರಿದರೂ ಬೇಕಾದಷ್ಟು ವ್ಯತ್ಯಾಸವಾಗುತ್ತದೆ. ವಾಸನೆ ತೆಗೆಯುವ ಸ್ಪ್ರೇಗೆ ದುಡ್ಡು ಹಾಕುವ ಮುಂಚೆ ಇದನ್ನು ಮಾಡಿ.

ಬಟ್ಟೆಯ ಬಗ್ಗೆ ಹೊಸಬರಿಗೆ ಒಂದು ಭಯ ಇರುತ್ತದೆ. ಕಾನೂನು ಕೇಳುವ ಕಿತ್ತಳೆ ಬಣ್ಣ ಜಿಂಕೆಗೆ ಕಾಣುವುದಿಲ್ಲವಾ ಅಂತ. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆಗಳು ನಮಗೆ ಕಂಡ ಹಾಗೆ ಎದ್ದು ಕಾಣುವುದಿಲ್ಲ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಬಟ್ಟೆಗೆ ಹೊಳಪು ಕೊಡುವ ಸೋಪಿನ ಪುಡಿಯಲ್ಲಿ ಒಗೆದರೆ ಅದು ಮುಂಜಾನೆ ಮಬ್ಬಿನಲ್ಲಿ ಜಿಂಕೆಗೆ ಮಿಂಚಿದಂತೆ ಕಾಣುತ್ತದೆ, ಅಂಥ ಪುಡಿ ಬೇಡ. ಕಿತ್ತಳೆಯನ್ನು ಯಾವತ್ತೂ ಬಿಡಬೇಡಿ. 2016ರಿಂದ ವಿಸ್ಕಾನ್ಸಿನ್‌ನಲ್ಲಿ ಹೊಳೆಯುವ ಗುಲಾಬಿ ಬಣ್ಣಕ್ಕೂ ಅನುಮತಿ ಇದೆ. ಸುತ್ತಲೂ ಕೋವಿ ಹಿಡಿದವರಿದ್ದಾರೆ, ಅವರ ಕಣ್ಣಿಗೆ ನೀವು ಕಾಣಲೇಬೇಕು.

ಜನದ ಒತ್ತಡ

ಆ ಒಂದು ಶನಿವಾರಕ್ಕೆ ಲೈಸೆನ್ಸ್ ತೆಗೆದುಕೊಂಡವರು ವಿಸ್ಕಾನ್ಸಿನ್ ಒಂದರಲ್ಲೇ 5 ಲಕ್ಷಕ್ಕೂ ಹೆಚ್ಚು. ಜಿಂಕೆಗೆ ಇದು ಗೊತ್ತಾಗಲು ಜಾಸ್ತಿ ಹೊತ್ತು ಬೇಕಿಲ್ಲ. ಕೊರಳಿಗೆ ಜಿಪಿಎಸ್ ಪಟ್ಟಿ ಹಾಕಿ ನಡೆಸಿದ ಅಧ್ಯಯನಗಳಲ್ಲಿ ಕಂಡಿದ್ದೇನೆಂದರೆ, ಸೀಸನ್ ಶುರುವಾದಾಗ ಜಿಂಕೆಗಳು ಊರು ಬಿಟ್ಟು ಹೋಗುವುದಿಲ್ಲ. ತಮ್ಮ ಸೀಮೆಯಲ್ಲೇ ಜನ ಕಾಲಿಡದ ಮೂಲೆ ಸೇರುತ್ತವೆ, ಹಗಲಿನ ಓಡಾಟವನ್ನು ರಾತ್ರಿಗೆ ಹಾಕಿಕೊಳ್ಳುತ್ತವೆ.

ಕಾಡಿನಲ್ಲಿ ಮರಕ್ಕೆ ಕಟ್ಟಿಟ್ಟ ನಿಮ್ಮ ಕ್ಯಾಮೆರಾದಲ್ಲಿ ಶುಕ್ರವಾರದ ತನಕ ಹಗಲಿನ ಫೋಟೋ, ಶನಿವಾರದಿಂದ ಬರೀ ರಾತ್ರಿಯ ಫೋಟೋ ಇದ್ದರೆ ದೋಷ ಇದೇ. ನಕ್ಷೆ ತೆಗೆದು ನೋಡಿ. ಜನ ಹೋಗಲು ಬೇಸರಪಡುವ ಜಾಗ ಎಲ್ಲಿದೆ? ಕತ್ತಾಳೆಯಷ್ಟು ದಟ್ಟವಾದ ಪೊದೆ, ಮೊಣಕಾಲು ಮುಳುಗುವ ಜೌಗು, ನಿಲ್ಲಲಾಗದ ಇಳಿಜಾರು. ಬಹುಪಾಲು ಬೇಟೆಗಾರರು ರಸ್ತೆಯಿಂದ ದೂರ ಹೋಗುವುದಿಲ್ಲ. ಉತ್ತರದ ಶೆಕ್ವಾಮೆಗಾನ್-ನಿಕೊಲೆ ರಾಷ್ಟ್ರೀಯ ಅರಣ್ಯದಂಥ ಸರ್ಕಾರಿ ಜಾಗದಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೂ ಜೌಗಿಗೂ ನಡುವಿನ ದಾರಿಯಲ್ಲಿ ಮೊದಲೇ ಹೋಗಿ ಕೂತರೆ ತಡವಾಗಿ ಬರುವವರೇ ಜಿಂಕೆಯನ್ನು ನಿಮ್ಮ ಕಡೆ ಸೋವಿಕೊಡುತ್ತಾರೆ. ಅಡಗಿದ ಪೊದೆಯೊಳಗೆ ಮಾತ್ರ ನುಗ್ಗಬೇಡಿ. ಒಂದು ಸಲ ಅಲ್ಲಿಂದ ಎಬ್ಬಿಸಿದರೆ ಪಕ್ಕದ ಜಮೀನಿಗೆ ಹೋಗುತ್ತದೆ.

ಇನ್ನೊಂದು ವಿಷಯ ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಹತ್ತೂವರೆಗೆ ಎದ್ದು ಊಟಕ್ಕೆ ಹೋಗಬೇಡಿ. ಆ ಹೊತ್ತಿಗೆ ಎಲ್ಲರಿಗೂ ಕಾಲು ಮರಗಟ್ಟಿರುತ್ತದೆ, ಎಲ್ಲರೂ ಎದ್ದು ಕ್ಯಾಬಿನ್ನಿಗೆ ನಡೆಯುತ್ತಾರೆ. ಭಾನುವಾರ ಮಧ್ಯಾಹ್ನ ಇಲ್ಲಿನ ಫುಟ್‌ಬಾಲ್ ತಂಡ ಪ್ಯಾಕರ್ಸ್ ಪಂದ್ಯ ಇದ್ದರಂತೂ ಕಾಡೇ ಖಾಲಿ. ಅಷ್ಟು ಜನ ನಡೆದಾಡುವಾಗ ಮಲಗಿದ್ದ ಜಿಂಕೆಗಳು ಏಳುತ್ತವೆ. ಬುತ್ತಿ ಕಟ್ಟಿಕೊಂಡು ಹೋಗಿ. ಚಪಾತಿ ಸುತ್ತಿಕೊಂಡು ಹೋದರೆ ಕೈಗವಸು ತೆಗೆಯದೆ ತಿನ್ನಬಹುದು. ಕಾಲಿಗೆ ದೊಡ್ಡ ಬೂಟು, ಒಳಗೆ ಬೆರಳು ಆಡುವಷ್ಟು ಜಾಗ. ದಿನವಿಡೀ ಕೂರಲು ಆಗುವುದು, ಆಗದಿರುವುದು ಇಂಥವುಗಳ ಮೇಲೆಯೇ ನಿಂತಿದೆ. ಅಟ್ಟಣೆ ಮೇಲೆ ಕೂರುವುದಾದರೆ ನೆಲ ಬಿಟ್ಟ ಕ್ಷಣದಿಂದ ಹೆಗಲು, ಎದೆ, ತೊಡೆಗಳನ್ನು ಹಿಡಿಯುವ ಪೂರ್ತಿ ಮೈಯ ಸೇಫ್ಟಿ ಹಾರ್ನೆಸ್ ಮರಕ್ಕೆ ಕಟ್ಟಿರಬೇಕು. ಗುಂಡು ತೆಗೆದ ಕೋವಿಯನ್ನು ಹಗ್ಗದಲ್ಲಿ ಆಮೇಲೆ ಮೇಲೆಳೆದುಕೊಳ್ಳಿ.

ಈಡು ಹೊಡೆದೂ ಸಿಗದಿದ್ದರೆ

ಗುರಿ ತಪ್ಪಿತು ಅಂತ ಕೂತಲ್ಲೇ ತೀರ್ಮಾನಿಸಬೇಡಿ. ಪೆಟ್ಟು ಬಿದ್ದ ಜಿಂಕೆ ಏನೂ ಆಗದ ಹಾಗೆ ಓಡುವುದುಂಟು. ಅದು ನಿಂತಿದ್ದ ಜಾಗವನ್ನು ಒಂದು ಮರ ಗುರುತಿಟ್ಟುಕೊಂಡು, ಅರ್ಧ ಗಂಟೆ ಕಾದು, ಹೋಗಿ ನೋಡಿ. ನೊರೆಯಿರುವ ತಿಳಿ ಗುಲಾಬಿ ರಕ್ತ ಇದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ. ಕಡುಗೆಂಪು ರಕ್ತ ಯಕೃತ್ತಿನದು, ಕೆಲವು ಗಂಟೆ ಕಾಯಬೇಕು. ಹಸಿರು ಬಣ್ಣ, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ, ಇನ್ನೂ ಜಾಸ್ತಿ ಹೊತ್ತು ಬಿಡಬೇಕು. ಬೇಗ ಹಿಂಬಾಲಿಸಿದರೆ ಎದ್ದು ಮೈಲಿಗಟ್ಟಲೆ ಹೋಗಿ ಎಲ್ಲೋ ನರಳಿ ಸಾಯುತ್ತದೆ. ಪ್ರಾಣಿಗೆ ನಾವು ಕೊಡಬೇಕಾದ ಮರ್ಯಾದೆ ಇದು. ಹುಡುಕುವುದನ್ನು ಅರ್ಧಕ್ಕೆ ಬಿಡಬೇಡಿ.

ನಿಜವಾಗಿಯೂ ತಪ್ಪಿದ್ದರೆ ಕೋವಿ ನೋಡಿ. ಸ್ಕೋಪ್ ಹಿಡಿದಿರುವ ಸ್ಕ್ರೂಗಳು ಸಡಿಲವಾಗಿದೆಯಾ? ಗಾಡಿಯಲ್ಲಿ ಕುಲುಕಾಡಿ ಸಡಿಲವಾಗುವುದು ಮಾಮೂಲು. ರೇಂಜಿಗೆ ಹೋಗಿ 100 ಗಜದಲ್ಲಿ ಕಾಗದಕ್ಕೆ ಮೂರು ಗುಂಡು ಹೊಡೆಯಿರಿ. ಮೂರೂ ಒಂದೇ ಕಡೆ ಗುಂಪಾಗಿ ಬಿದ್ದು ನಡುವಿನಿಂದ ಆಚೆ ಇದ್ದರೆ ಸ್ಕೋಪ್ ಸರಿಮಾಡಿಕೊಳ್ಳಬೇಕು. ಮೂರೂ ಚೆಲ್ಲಾಪಿಲ್ಲಿಯಾದರೆ ಸ್ಕ್ರೂ ಅಥವಾ ಕೈ. ಕೋವಿಯನ್ನು ರಾತ್ರಿ ಬೆಚ್ಚಗಿನ ಕ್ಯಾಬಿನ್ನಿನೊಳಗೆ ತಂದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಗುಂಡು ತೆಗೆದು, ಬೀಗ ಹಾಕಿದ ತಣ್ಣನೆಯ ಜಾಗದಲ್ಲೇ ಇಡುವುದು ಒಳ್ಳೆಯದು.

ಎಲ್ಲ ನೋಡಿಯಾಯಿತು, ಆದರೂ ಇಲ್ಲ

ಆಗ ಜಿಂಕೆ ನಿಜವಾಗಿಯೂ ಕಡಿಮೆ ಇರಬಹುದು. ಅದಕ್ಕೂ ಕಾರಣಗಳಿವೆ, ಒಂದೊಂದು ಕಡೆ ಒಂದೊಂದು. ಉತ್ತರದಲ್ಲಿ ಹಿಂದಿನ ಚಳಿಗಾಲ ಹೇಗಿತ್ತು ನೋಡಿ. ಅಲ್ಲಿ ಡಿಸೆಂಬರ್‌ನಿಂದ ಏಪ್ರಿಲ್ ತನಕ ಇಲಾಖೆ ಒಂದು ಲೆಕ್ಕ ಇಡುತ್ತದೆ: ಹಿಮ 18 ಇಂಚು ಅಥವಾ ಜಾಸ್ತಿ ಇದ್ದ ದಿನಕ್ಕೆ ಒಂದು ಅಂಕ, ಸೊನ್ನೆ ಫ್ಯಾರನ್‌ಹೀಟ್ ಮುಟ್ಟಿದ ಅಥವಾ ಅದಕ್ಕಿಂತ ಇಳಿದ ದಿನಕ್ಕೆ ಇನ್ನೊಂದು. ಅಂಕ ಜಾಸ್ತಿಯಾದ ವರ್ಷ ಮರಿಗಳು ಉಳಿಯುವುದು ಕಡಿಮೆ. ದಕ್ಷಿಣದಲ್ಲಿ ಬೇಸಿಗೆ ಕೊನೆಗೆ ನೀರಿನ ಹತ್ತಿರ ಸತ್ತ ಜಿಂಕೆಗಳು ಕಂಡಿದ್ದರೆ ಅದು ಸಣ್ಣ ನೊಣದ ಕಡಿತದಿಂದ ಹರಡುವ ಇಎಚ್‌ಡಿ ಅನ್ನುವ ವೈರಸ್ ಕಾಯಿಲೆ ಇರಬಹುದು. ಗಟ್ಟಿ ಮಂಜು ಬಿದ್ದ ಮೇಲೆ ನೊಣ ಸತ್ತು ಅದು ನಿಲ್ಲುತ್ತದೆ. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಮೊದಲು ಪತ್ತೆಯಾದ ಸಿಡಬ್ಲ್ಯುಡಿ ಬೇರೆ ಕಾಯಿಲೆ, ಜಿಂಕೆಯ ಮೆದುಳನ್ನು ಕೆಡಿಸುವಂಥದ್ದು. ಅದು ನಿಧಾನಕ್ಕೆ ಕೊಲ್ಲುತ್ತದೆ, ವಾಸಿಯಾಗುವುದಿಲ್ಲ. ಅದಿರುವ ಕೌಂಟಿಗಳಲ್ಲಿ ಜಿಂಕೆ ಸಿಕ್ಕರೆ ತಲೆಯ ಮಾದರಿ ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬಂದ ಮೇಲೆ ಅಡುಗೆ ಮಾಡಿ.

ಹೀಗಾಗಿದ್ದರೆ ಈ ವರ್ಷ ಆ ಜಾಗದಲ್ಲಿ ಹೆಣ್ಣು ಜಿಂಕೆಗೆ ಈಡು ಹೊಡೆಯಬೇಡಿ, ಪರ್ಮಿಟ್ ಇದ್ದರೂ. ಮಾರ್ಚ್‌ನಲ್ಲಿ ಹಿಮ ಕರಗಿದ ಕೂಡಲೇ ಅದೇ ಕಾಡಿನಲ್ಲಿ ಒಂದು ದಿನ ಪೂರ್ತಿ ನಡೆಯಿರಿ. ಎಲೆ ಇರುವುದಿಲ್ಲ, ಹುಲ್ಲು ಬೆಳೆದಿರುವುದಿಲ್ಲ. ನವೆಂಬರ್‌ನ ದಾರಿ, ಹಕ್ಕೆ, ಅಡಗಿದ ಮೂಲೆಗಳೆಲ್ಲ ಬಿಚ್ಚಿಟ್ಟ ಹಾಗೆ ಕಾಣುತ್ತವೆ. ಯಾರನ್ನೂ ಎಬ್ಬಿಸಿಬಿಡುವ ಭಯವೂ ಆಗ ಇಲ್ಲ. ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಿ, ಪ್ರತಿ ಗುರುತಿನ ಪಕ್ಕ ಯಾವ ಗಾಳಿಗೆ ಯಾವ ಕಡೆಯಿಂದ ಹೋಗಬೇಕು ಅಂತ ಬರೆದಿಡಿ.